ಷ್ಪೇಟ್‌ಲೇಸೆ ಎಂದರೆ ಸಿಹಿಯ ಪ್ರಮಾಣವಲ್ಲ

ಸಿಹಿಯಿಲ್ಲದ ಮೋಸೆಲ್ ರೀಸ್ಲಿಂಗ್ (ಜರ್ಮನಿಯ ಮೋಸೆಲ್ ಕಣಿವೆಯ, ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನ್) ಬಯಸಿದ ನಿಮಗೆ ಸಿಹಿ ವೈನ್ ಸಿಕ್ಕಿದ್ದಕ್ಕೆ, ಬಾಟಲಿಯ ಮೇಲಿನ ‘ಷ್ಪೇಟ್‌ಲೇಸೆ’ ಎಂಬ ಪದವನ್ನು ರುಚಿಯ ಸೂಚನೆಯೆಂದು ಓದಿಕೊಂಡಿರುವುದೇ ಬಹುಮಟ್ಟಿಗೆ ಕಾರಣ. ನಾನೂ ಹೀಗೆಯೇ ಎರಡು ಬಾರಿ ಮೋಸಹೋಗಿದ್ದೇನೆ. ಆ ಪದ ಹೇಳುವುದು ಕೊಯ್ಲಿನ ಹೊತ್ತಿಗೆ ದ್ರಾಕ್ಷಿ ಎಷ್ಟು ಮಾಗಿತ್ತು ಎಂಬುದನ್ನೇ ಹೊರತು, ಅದರ ಸಕ್ಕರೆಯೆಲ್ಲ ಹುದುಗಿ ಆಲ್ಕೋಹಾಲ್ ಆಯಿತೋ, ನಡುವೆಯೇ ಹುದುಗುವಿಕೆಯನ್ನು ನಿಲ್ಲಿಸಿ ಸಿಹಿಯನ್ನು ಉಳಿಸಿದರೋ ಎಂಬುದನ್ನಲ್ಲ.

ಮುಂದಿನ ಬಾರಿ ಮೊದಲು ಲೇಬಲ್ಲಿನಲ್ಲಿ ‘ಟ್ರೋಕನ್’ (ಸಿಹಿಯಿಲ್ಲದ್ದು) ಎಂಬ ಪದವನ್ನು ಹುಡುಕಿ; ಅದಿದ್ದರೆ ಸಕ್ಕರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ. ಇಲ್ಲದಿದ್ದರೆ ಸಣ್ಣ ಅಕ್ಷರದಲ್ಲಿರುವ ಆಲ್ಕೋಹಾಲ್ ಪ್ರಮಾಣವನ್ನು ನೋಡಿ. ಶೇ. 8ರ ಆಸುಪಾಸಿನಲ್ಲಿದ್ದರೆ ಸಿಹಿ ಉಳಿದಿದೆ ಎಂದೇ ತಿಳಿಯಿರಿ, ಶೇ. 12 ಇದ್ದರೆ ಸಾಮಾನ್ಯವಾಗಿ ಸಿಹಿ ಕಡಿಮೆ. ಇವೆರಡರ ನಡುವಿನದನ್ನು ಅಂಕಿಯಿಂದ ಖಚಿತವಾಗಿ ಹೇಳಲಾಗದು. ಲೇಬಲ್ಲಿನಲ್ಲಿ ತುಸು ಸಿಹಿಯನ್ನು ಸೂಚಿಸಲು ಬಳಸುವ ‘ಫೈನ್‌ಹೆರ್ಬ್’ ಎಂಬುದಕ್ಕೂ ಕಾನೂನಿನ ಮಿತಿಯಿಲ್ಲವಾದ್ದರಿಂದ ಅಂಗಡಿಯವರನ್ನು ಕೇಳಿಯೇ ಕೊಳ್ಳಿ.

ಆದರೆ ಟ್ರೋಕನ್ ನಿಮಗೆ ತೀರಾ ಹುಳಿಯೆನಿಸಬಹುದು. ಮೋಸೆಲ್ ಕಣಿವೆ 50 ಡಿಗ್ರಿ ಉತ್ತರ ಅಕ್ಷಾಂಶದ ಬಳಿಯ ತಂಪು ಸೀಮೆ. ಬ್ರೆಮ್ ಊರಿನ ಕಾಲ್ಮಾಂಟ್ ದ್ರಾಕ್ಷಿತೋಟದಂತಹ, 60 ಡಿಗ್ರಿಗೂ ಮೀರಿ ಕಡಿದಾದ ಇಳಿಜಾರುಗಳಲ್ಲಿ ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬಿಟ್ಟುಕೊಡುವ ಕಪ್ಪು ಸ್ಲೇಟ್ ಕಲ್ಲಿನ ಚೂರುಗಳ ನಡುವೆ ದ್ರಾಕ್ಷಿ ನಿಧಾನವಾಗಿ ಮಾಗುವುದರಿಂದ ಅದರ ಹುಳಿ ಕರಗುವುದಿಲ್ಲ. ಹಾಗಾಗಿ ಮೊದಲು ಒಂದೇ ಬಾಟಲಿ ಕೊಂಡು, ಊಟದ ಜೊತೆಗೆ ರುಚಿ ನೋಡಿ. ಈಗಿರುವ ಸಿಹಿ ಬಾಟಲಿಯನ್ನು ಚೆನ್ನಾಗಿ ತಂಪು ಮಾಡಿ ಖಾರದ ಅಡುಗೆಯೊಡನೆ ಬಡಿಸಿ.