ಎಸ್2ಎಕ್ಸ್ ಬಾಕ್ಸ್ ಹಾಕಿಸಿದರೆ ಮಳೆಗೆ ಟಿವಿ ಹೋಗುವುದಿಲ್ವಾ?

ಪ್ರಶ್ನೆ: ನಮ್ಮ ಮನೆ ಮಲ್ಪೆಯಲ್ಲಿ, ಕಡಲಿಗೆ ಹತ್ತಿರ. ಹಳೇ ಫ್ರೀ ಡಿಶ್ ಬಾಕ್ಸ್ ಇದೆ. ಪಕ್ಕದ ಮನೆಯವರ ಡಿಶ್ ನಮ್ಮದರಷ್ಟೇ ದೊಡ್ಡದು, ಆದರೆ ಚಾನೆಲ್ ಜಾಸ್ತಿ ಬರುತ್ತದೆ. ಅಂಗಡಿಯವರು "ನಿಮ್ಮದು ಡಿವಿಬಿ-ಎಸ್. ಎಸ್2ಎಕ್ಸ್ ಹಾಕಿಸಿ, ಡಿಶ್ ಕೂಡ ಬದಲಾಯಿಸಿ, ಮಳೆಗೂ ಹೋಗುವುದಿಲ್ಲ" ಎನ್ನುತ್ತಾರೆ. ನಿಜವಾ?

ಉತ್ತರ: ಡಿವಿಬಿ-ಎಸ್, ಎಸ್2, ಎಸ್2ಎಕ್ಸ್ ಅಂದರೆ ಉಪಗ್ರಹದಿಂದ ಟಿವಿ ಸಿಗ್ನಲ್ ಕಳಿಸುವ ವಿಧಾನದ ಮೂರು ತಲೆಮಾರುಗಳು. ಬಾಕ್ಸ್ ಬದಲಾಯಿಸಿ, ಎಸ್2 ಸಾಕು. ಚಾನೆಲ್ ಜಾಸ್ತಿ ಸಿಗಲಿ ಅಂತ ಡಿಶ್ ಬದಲಾಯಿಸಬೇಕಿಲ್ಲ. ಮಳೆಯ ವಿಷಯದಲ್ಲೂ ಅಂಗಡಿಯವರ ಮಾತು ಸರಿಯಲ್ಲ.

ಮೊದಲು ಚಾನೆಲ್ ವಿಷಯ. ಫ್ರೀ ಡಿಶ್‌ನಲ್ಲಿ ಕೆಲವು ಚಾನೆಲ್‌ಗಳು ಡಿವಿಬಿ-ಎಸ್ ಮತ್ತು ಎಂಪೆಗ್-2ರಲ್ಲಿ ಬರುತ್ತವೆ, ಕೆಲವು ಡಿವಿಬಿ-ಎಸ್2 ಮತ್ತು ಎಂಪೆಗ್-4ರಲ್ಲಿ (ಎಂಪೆಗ್ ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನ). ಎರಡೂ ಅದೇ ಉಪಗ್ರಹದಿಂದ, 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ಡಿಶ್‌ಗೂ, ಅದರ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಸಾಧನವಾದ ಎಲ್‌ಎನ್‌ಬಿಗೂ ಯಾವ ತಲೆಮಾರಿನ ಸಿಗ್ನಲ್ ಎಂಬುದು ಲೆಕ್ಕಕ್ಕಿಲ್ಲ. ಸಿಕ್ಕಿದ್ದನ್ನು ಕೆಳಗೆ ಕಳಿಸುತ್ತವೆ. ಓದುವುದು ಬಾಕ್ಸ್. ಹಳೇ ಬಾಕ್ಸಿಗೆ ಎಸ್2 ಓದಲು ಬರುವುದಿಲ್ಲ, ಎಸ್2 ಬಾಕ್ಸಿಗೆ ಹಳೆಯದೂ ಬರುತ್ತದೆ.

ತಲೆಮಾರುಗಳ ನಡುವೆ ಬದಲಾಗಿದ್ದೇನು? 1990ರ ದಶಕದ ಡಿವಿಬಿ-ಎಸ್‌ನಲ್ಲಿ 188 ಬೈಟ್ ಮಾಹಿತಿಗೆ 16 ಬೈಟ್ ಹೆಚ್ಚುವರಿ ಸೇರಿಸಿ ಕಳಿಸುತ್ತಾರೆ. ದಾರಿಯಲ್ಲಿ ಎಂಟು ಬೈಟ್ ಕೆಟ್ಟರೂ ಬಾಕ್ಸ್ ಸರಿಮಾಡಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು ಪದರದ ರಕ್ಷಣೆಯೂ ಇದೆ. 2005ರಲ್ಲಿ ಅಂಗೀಕಾರವಾದ ಎಸ್2ನಲ್ಲಿ ಈ ತಪ್ಪು ತಿದ್ದುವ ಕೆಲಸ ಎಲ್‌ಡಿಪಿಸಿ ಎಂಬ ಸಂಕೇತಕ್ಕೆ ಹೋಯಿತು. ಇದನ್ನು ಅಮೆರಿಕದ ವಿಜ್ಞಾನಿ ರಾಬರ್ಟ್ ಗ್ಯಾಲಗರ್ ಕಂಡುಹಿಡಿದದ್ದು 1960ರ ದಶಕದ ಆರಂಭದಲ್ಲಿ! ಅಷ್ಟು ಲೆಕ್ಕ ಮಾಡುವ ಚಿಪ್ ಆಗ ಇರಲಿಲ್ಲ, ಹಾಗಾಗಿ ದಶಕಗಳ ಕಾಲ ಹೆಚ್ಚಿನವರು ಮುಟ್ಟಲಿಲ್ಲ. ನಿಮ್ಮ ಟಿವಿ ಪಕ್ಕದ ಸಣ್ಣ ಪೆಟ್ಟಿಗೆ ಈಗ ಅದನ್ನು ಸಲೀಸಾಗಿ ಮಾಡುತ್ತದೆ. ನನಗಂತೂ ಇದು ಈಗಲೂ ಬೆರಗಿನ ವಿಷಯ.

ಇದರ ಲಾಭ ಎಷ್ಟು ನೋಡಿ. ಡಿವಿಬಿ-ಎಸ್‌ನಲ್ಲಿ ಸೆಕೆಂಡಿಗೆ 2.75 ಕೋಟಿ ಸಿಂಬಲ್ (ಸಿಗ್ನಲ್‌ನ ಒಂದೊಂದು ಮಿಡಿತ) ಕಳಿಸಿದರೆ, 2/3 ಎಫ್‌ಇಸಿಯಲ್ಲಿ (ಮೂರು ಬಿಟ್‌ನಲ್ಲಿ ಎರಡು ಮಾಹಿತಿ, ಒಂದು ರಕ್ಷಣೆಗೆ) 33.8 ಮೆಗಾಬಿಟ್ ಸಾಗುತ್ತದೆ. ಎಸ್2 ಆವರ್ತನ ಪಟ್ಟಿಯ ಅಂಚುಗಳನ್ನು ಬಿಗಿ ಮಾಡಿ ಅದೇ ಜಾಗದಲ್ಲಿ 3.09 ಕೋಟಿ ಸಿಂಬಲ್ ತುಂಬುತ್ತದೆ. ಎಫ್‌ಇಸಿಯನ್ನು 3/4ಕ್ಕೆ ಏರಿಸಿದರೂ ಹೆಚ್ಚುಕಮ್ಮಿ ಅಷ್ಟೇ ಸಿಗ್ನಲ್ ಸಾಕು. ಆಗ 46 ಮೆಗಾಬಿಟ್ ಸಾಗುತ್ತದೆ. ಅಂದರೆ ಮೊದಲಿಗಿಂತ ಮೂರನೇ ಒಂದು ಭಾಗಕ್ಕೂ ಮೀರಿ ಹೆಚ್ಚು.

2014ರ ಎಸ್2ಎಕ್ಸ್ ಅಂಚನ್ನು ಮತ್ತೂ ಬಿಗಿ ಮಾಡಿತು, ವೇಗ ಮತ್ತು ರಕ್ಷಣೆಯ ಆಯ್ಕೆಗಳ ನಡುನಡುವೆ ಹೊಸ ಮೆಟ್ಟಿಲುಗಳನ್ನು ಕೊಟ್ಟಿತು. ಆದರೆ ಎಸ್2ನಲ್ಲಿ ಬರುತ್ತಿರುವ ಚಾನೆಲ್ ಎಸ್2ಎಕ್ಸ್ ಬಾಕ್ಸಿನಲ್ಲೂ ಎಸ್2 ಆಗಿಯೇ ಬರುತ್ತದೆ. ಅದಕ್ಕಾಗಿ ಸುಮ್ನೆ ದುಡ್ಡು ಹಾಕಬೇಡಿ.

ಈಗ ಮಳೆ. ಹೊಸ ತಂತ್ರದಿಂದ ಉಳಿದದ್ದನ್ನು ಮಳೆಗೆ ಮೀಸಲಿಡಬೇಕಾ, ಜಾಸ್ತಿ ಚಾನೆಲ್ ತುಂಬಬೇಕಾ ಎಂದು ತೀರ್ಮಾನಿಸುವುದು ಪ್ರಸಾರ ಮಾಡುವವರು. ಸಾಮಾನ್ಯವಾಗಿ ಚಾನೆಲ್ಲೇ ಗೆಲ್ಲುತ್ತದೆ. ಎಸ್2ನ ಕ್ಯೂಪಿಎಸ್‌ಕೆ 3/4ಕ್ಕೆ (ಒಂದು ಸಿಂಬಲ್‌ಗೆ ಎರಡು ಬಿಟ್) ಸುಮಾರು 4 ಡೆಸಿಬೆಲ್ ಗುಣಮಟ್ಟದ ಸಿಗ್ನಲ್ ಸಾಕು, ಹೆಚ್ಚು ತುಂಬುವ 8ಪಿಎಸ್‌ಕೆ 3/4ಕ್ಕೆ (ಒಂದಕ್ಕೆ ಮೂರು ಬಿಟ್) ಸುಮಾರು 8 ಬೇಕು. ಅಂದರೆ ಎರಡನೆಯದು ಹೊಸ ತಲೆಮಾರಿನದೇ ಆದರೂ ಹಳೇ ಡಿವಿಬಿ-ಎಸ್ ಚಾನೆಲ್‌ಗಿಂತ ಮೊದಲು ಹೋಗಬಹುದು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಫ್ರೀ ಡಿಶ್ ಬರುವ ಕು-ಬ್ಯಾಂಡ್ ಎಂಬ ಆವರ್ತನದ ಸಿಗ್ನಲ್‌ಗೆ ಬೀಳುವ ಪೆಟ್ಟು ಸಣ್ಣದಲ್ಲ, ಅಲ್ವಾ?

ಮಳೆಗೆ ನಿಜವಾಗಿ ಪ್ರಯೋಜನ ಆಗುವುದು ದೊಡ್ಡ ಡಿಶ್. 60 ಸೆಂಟಿಮೀಟರಿನ ಜಾಗಕ್ಕೆ 90ರದ್ದು ಬಂದರೆ ವಿಸ್ತೀರ್ಣ ಎರಡೂಕಾಲು ಪಟ್ಟು, ಸುಮಾರು 3.5 ಡೆಸಿಬೆಲ್ ಲಾಭ. ಆದರೆ ಗಾಳಿಗೆ ಅಲುಗಾಡದ ಹಾಗೆ ಕಾಂಕ್ರೀಟಿಗೆ ಬೋಲ್ಟ್ ಹಾಕಿಸಬೇಕು.

ಅದಕ್ಕೂ ಮೊದಲು ಎಲ್‌ಎನ್‌ಬಿ ಹತ್ತಿರದ ಕನೆಕ್ಟರ್ ಬಿಚ್ಚಿಸಿ ನೋಡಿ. ಕಡಲ ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಕೇಬಲ್ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ, ನೀರು ಹೋಗದ ರಬ್ಬರ್ ಟೇಪ್ ಸುತ್ತಿಸಿ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಬಾಗು ಇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಉಡುಪಿ ಕಡೆಯಿಂದ ಡಿಶ್ ಆಗ್ನೇಯಕ್ಕೆ ಮುಖ ಮಾಡಿ, ಸಾಕಷ್ಟು ಎತ್ತರಕ್ಕೆ, ಸುಮಾರು 63 ಡಿಗ್ರಿ, ನೋಡಬೇಕು. ಆ ದಿಕ್ಕಿಗೆ ತೆಂಗಿನ ಗರಿ ಬಂದಿದೆಯಾ ಅಂತಲೂ ನೋಡಿ.

ಕೊನೆಗೆ, ಬಿಸಿಲಿರುವ ದಿನ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಪಟ್ಟಿ ತೆರೆಯಿರಿ. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಕಡಿಮೆ ಇದ್ದರೆ ಮೊದಲ ಅನುಮಾನ ಡಿಶ್ ದಿಕ್ಕಿನ ಮೇಲೆ. ಎರಡೂ ಕಡಿಮೆ ಇದ್ದರೆ ಕೇಬಲ್ ಅಥವಾ ಎಲ್‌ಎನ್‌ಬಿ. ಇದು ಸರಿಯಾದ ಮೇಲೂ ಜೋರು ಮಳೆಗೆ ಮತ್ತೆ ಮತ್ತೆ ಹೋಗುತ್ತಿದ್ದರೆ ಮಾತ್ರ ದೊಡ್ಡ ಡಿಶ್‌ಗೆ ಖರ್ಚು ಮಾಡಿ.