‘ಪ್ರೀಪೋನ್’ ಅಂತ ಬರೆದರೆ ತಪ್ಪಾ?

ಮೀಟಿಂಗಿನ ಹೊತ್ತು ಮುಂಚೆಗೆ ತಂದಿದ್ದನ್ನು ತಿಳಿಸಲು ‘ಪ್ರೀಪೋನ್’ ಅಂತ ಬರೆದಿರಿ, ಸಾಹೇಬರು ಅದು ಇಂಗ್ಲಿಷೇ ಅಲ್ಲ ಅಂತ ಹೊಡೆದು ಹಾಕಿದರು, ಯಾರು ಸರಿ ಅಂತ ಕೇಳಿದ್ದೀರಿ. ನೀವೇ ಸರಿ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಈ ಪದ ಇದೆ.

ನಾನು ಕಲಬುರಗಿಯವನು. ಇಲ್ಲಿ ಬೇಸಿಗೆ ಬಂತು ಅಂದರೆ ಈ ಪದಕ್ಕೆ ಕೆಲಸ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಹಾಗಾಗಿ 3 ಗಂಟೆಗೆ ಗೊತ್ತಾಗಿದ್ದ ಮೀಟಿಂಗು ಬೆಳಿಗ್ಗೆ 9ಕ್ಕೆ ಬರುತ್ತದೆ. ಅದೇ ಪ್ರೀಪೋನ್.

ಇದು ಭಾರತದಲ್ಲೇ ಹುಟ್ಟಿದ ಪದ ಅಂತ ತುಂಬಾ ಜನ ನಂಬಿದ್ದಾರೆ. ಪೂರ್ತಿ ನಿಜವಲ್ಲ. ‘ಪೋಸ್ಟ್‌ಪೋನ್’ ಲ್ಯಾಟಿನ್ ಮೂಲದ್ದು. ‘ಪೋಸ್ಟ್’ ಅಂದರೆ ಆಮೇಲೆ, ‘ಪೋನೆರೆ’ ಅಂದರೆ ಇಡುವುದು. ‘ಪೋಸ್ಟ್’ ತೆಗೆದು ‘ಪ್ರೀ’ ಹಚ್ಚಿದರೆ ಮುಂಚೆ ಇಡುವುದು ಅಂತಾಯಿತು. ಇಂಗ್ಲೆಂಡಿನ ಬರಹಗಾರ ರಾಬರ್ಟ್ ಕ್ರೌಲಿ 1549ರಲ್ಲೇ ಇದನ್ನು ‘ಎದುರಿಗೆ ಇಟ್ಟುಕೊಳ್ಳುವುದು’ ಎಂಬ ಅರ್ಥದಲ್ಲಿ ಬರೆದಿದ್ದ. 1913ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬಂದ ಓದುಗರ ಪತ್ರವೊಂದು ಪೋಸ್ಟ್‌ಪೋನ್‌ಗೆ ಎದುರಾಳಿಯಾಗಿ ಈ ಪದ ಬೇಕು ಅಂದಿತ್ತು. ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರು ಬಿಟ್ಟಿದ್ದು ನಮ್ಮಲ್ಲಿ.

ಬ್ರಿಟಿಷರು ಇದಕ್ಕೆ ‘ಬ್ರಿಂಗ್ ಫಾರ್ವರ್ಡ್’ ಅನ್ನುತ್ತಾರೆ. ನಮಗೆ ತೊಡಕಾಗುವುದೇ ಇಲ್ಲಿ. ಫಾರ್ವರ್ಡ್ ಅಂದರೆ ಮುಂದಕ್ಕೆ, ಅಲ್ವಾ? ಆದರೆ ಕನ್ನಡದಲ್ಲಿ ಲಗ್ನ ಮುಂದಕ್ಕೆ ಹೋಯಿತು ಅಂದರೆ ತಡವಾಯಿತು ಅಂತಲೇ ಅರ್ಥ. ಪರೀಕ್ಷೆ ಮುಂದೂಡಿದರು ಅಂದರೂ ಅಷ್ಟೇ. ಮೀಟಿಂಗನ್ನು ‘ಬ್ರಿಂಗ್ ಫಾರ್ವರ್ಡ್’ ಮಾಡಿದ್ದೇವೆ ಅಂತ ಇಲ್ಲಿ ನೋಟಿಸು ಹಚ್ಚಿ ನೋಡಿ, ಅರ್ಧ ಜನ ಮೀಟಿಂಗು ಮುಗಿದ ಮೇಲೆ ಬರುತ್ತಾರೆ. ಪ್ರೀಪೋನ್‌ನಲ್ಲಿ ಆ ಗೊಂದಲ ಇಲ್ಲ. ನಮ್ಮವರು ಸುಮ್ನೆ ಇದನ್ನು ಹಿಡಿದುಕೊಂಡಿಲ್ಲ ಅನ್ನೋದು ನನ್ನ ಲೆಕ್ಕ.

ಬಳಸುವಾಗ ‘ಪ್ರೀಪೋನ್ಡ್ ಟು’ ಅಂತ ಬರೆದು ಹೊಸ ಸಮಯ ಹಾಕಿ. ಜೊತೆಗೆ ‘ಅರ್ಲಿಯರ್’ ಸೇರಿಸಬೇಡಿ, ಮುಂಚೆ ಅನ್ನೋದು ‘ಪ್ರೀ’ಯಲ್ಲೇ ಬಂದಿದೆ. ಸೊಲ್ಲಾಪುರದ ಕಡೆಯಿಂದ ಬರುವ ರೈಲು ಹತ್ತು ನಿಮಿಷ ಬೇಗ ಬಂದರೆ ಅದು ಪ್ರೀಪೋನ್ ಅಲ್ಲ, ಬರೀ ಬೇಗ ಬಂದಿದ್ದು. ಯಾರಾದರೂ ಬೇಕಂತಲೇ ಹೊತ್ತು ಬದಲಿಸಿದ್ದರೆ ಮಾತ್ರ ಈ ಪದ. ಲಂಡನ್ನಿಗೋ ಅಮೆರಿಕಕ್ಕೋ ಪತ್ರ ಬರೆಯುವುದಿದ್ದರೆ ‘ಬ್ರಿಂಗ್ ಫಾರ್ವರ್ಡ್’ ಬರೆದು, ಹಳೆಯ ಸಮಯ, ಹೊಸ ಸಮಯ ಎರಡನ್ನೂ ಹಾಕಿಬಿಡಿ.