ಬರಹಗಾರರಿಗೆ ಸಲಹೆ: ಕಾನ್ಪುರದ ಗಾಳಿ ಮತ್ತು ನಿಮ್ಮ ಬಿಳಿ ಬನಿಯನ್

ಮಾನ್ಯರೆ,

ಬ್ಯಾಂಕಿನ ವರ್ಗಾವಣೆಯಲ್ಲಿ ಕಾನ್ಪುರಕ್ಕೆ ಹೋಗಿ, ಅಲ್ಲಿ ಮೂರು ಚಳಿಗಾಲ ಕಳೆದು ಈಗ ಕಾಸರಗೋಡಿನ ಬದಿಯಡ್ಕಕ್ಕೆ ಮರಳಿರುವ ನೀವು ಕಳುಹಿಸಿದ ‘ಪ್ರಾಣವಾಯುವಿನ ಆಕ್ರಂದನ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲಾಗದು. ಆದರೆ ಪ್ರಕಟಿಸಲೇಬೇಕಾದ ಒಂದು ಲೇಖನ ಅದರೊಳಗೆ ಅಡಗಿ ಕುಳಿತಿರುವುದರಿಂದ, ಎರಡು ಸಾಲಿನ ವಿಷಾದಪತ್ರದ ಬದಲು ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಪಿಎಂ 2.5 ಅನ್ನು ನೀವು ‘ವಿಷಾನಿಲ’ ಎಂದು ಕರೆದಿದ್ದೀರಿ. ಅದು ಅನಿಲವಲ್ಲ, 2.5 ಮೈಕ್ರೋಮೀಟರಿಗಿಂತ ಹೆಚ್ಚಿನ ವ್ಯಾಸವಿಲ್ಲದ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟಿರುವ ಕಣಗಳ ಒಟ್ಟು ಹೆಸರು. ಡೀಸೆಲ್ ಹೊಗೆ, ಇಟ್ಟಿಗೆ ಗೂಡಿನ ಮಸಿ, ಬೀದಿಬದಿಯಲ್ಲಿ ಸುಟ್ಟ ಕಸದ ಹೊಗೆ ಎಲ್ಲವೂ ಅದರೊಳಗೆ ಬರುತ್ತವೆ. ಈ ಒಂದು ಪದವನ್ನು ತಿದ್ದಿಕೊಂಡರೆ ನಿಮ್ಮ ಮೂರನೆಯ ಪುಟಕ್ಕೆ ಬೆನ್ನೆಲುಬು ಸಿಗುತ್ತದೆ. ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಕ್ಕದ ಕಣಗಳು ಶ್ವಾಸಕೋಶದ ಆಳದವರೆಗೆ ಇಳಿದು, ಅವುಗಳಲ್ಲಿ ಅತಿ ಸಣ್ಣವು ರಕ್ತವನ್ನೂ ಸೇರುವುದರಿಂದಲೇ ಈ ಗಾಳಿಯ ಕೇಡು ಕೆಮ್ಮು ದಮ್ಮುಗಳಲ್ಲಿ ನಿಲ್ಲದೆ ಹೃದಯಾಘಾತ, ಪಾರ್ಶ್ವವಾಯುಗಳವರೆಗೆ ಹೋಗುತ್ತದೆ. ನೀವು ಕಾಯಿಲೆಗಳ ಹೆಸರನ್ನು ಪೇರಿಸಿದ್ದೀರಿ. ಅವು ಬರುವ ದಾರಿಯನ್ನು ಹೇಳಿಲ್ಲ.

ಅಂಕಿಗಳ ವಿಷಯದಲ್ಲಿ ಇನ್ನೂ ಕಟುವಾಗಿ ಹೇಳಬೇಕಾಗಿದೆ. ಜನವರಿಯ ಒಂದು ದಿನ ಗಾಳಿಯಲ್ಲಿ ‘300 ಮೈಕ್ರೋಗ್ರಾಂ’ ಇತ್ತೆಂದು ಬರೆದಿದ್ದೀರಿ. ಚೌಕದಲ್ಲಿ ನೀವು ಕಂಡದ್ದು ವಾಯು ಗುಣಮಟ್ಟ ಸೂಚ್ಯಂಕದ ಫಲಕವೆಂಬುದು ನಿಮ್ಮ ವರ್ಣನೆಯಿಂದಲೇ ಸ್ಪಷ್ಟವಾಗುತ್ತದೆ, ಪಿಎಂ 2.5ರ ಲೆಕ್ಕದಲ್ಲಿ ಸೂಚ್ಯಂಕದ 300 ಎಂದರೆ ಘನಮೀಟರಿಗೆ 120 ಮೈಕ್ರೋಗ್ರಾಂ. ಅದೇನೂ ಸಣ್ಣ ಸಂಗತಿಯಲ್ಲ, 24 ಗಂಟೆಗಳ ಸರಾಸರಿಗೆ ನಮ್ಮ ದೇಶವೇ ಹಾಕಿಕೊಂಡಿರುವ 60ರ ಮಿತಿಯ ಎರಡು ಪಟ್ಟು. ಇರುವ ಅಂಕಿಯೇ ಇಷ್ಟು ಭೀಕರವಾಗಿರುವಾಗ ಅದನ್ನು ಹಿಗ್ಗಿಸುವ ಅಗತ್ಯವೇನಿತ್ತು? ‘ಜಗತ್ತಿನ ಅತ್ಯಂತ ಮಲಿನ ನಗರ’ ಎಂಬ ಬಿರುದು ಕೂಡ ಇಂದಿನದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ, 2016ರ ಅಂಕಿಗಳನ್ನು ಆಧರಿಸಿದ ಪಟ್ಟಿಯಲ್ಲಿ ಕಾನ್ಪುರವು 173 ಮೈಕ್ರೋಗ್ರಾಂ ವಾರ್ಷಿಕ ಸರಾಸರಿಯೊಡನೆ ಮೊದಲ ಸ್ಥಾನದಲ್ಲಿತ್ತು. ಇಸವಿಯನ್ನು ಬಿಟ್ಟು ಹೇಳಿದರೆ ಅದು ಸುಳ್ಳಾಗುತ್ತದೆ. ‘ಮಿತಿಗಿಂತ ಹಲವು ಪಟ್ಟು’ ಎಂದಿರುವಲ್ಲಿಯೂ ಯಾರ ಮಿತಿ ಎಂಬುದನ್ನು ಹೇಳಬೇಕು. ಆ 173 ಭಾರತದ ವಾರ್ಷಿಕ ಮಿತಿಯಾದ 40ರ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು. ಅದೇ ಸಂಸ್ಥೆಯು 2021ರಲ್ಲಿ ಇಳಿಸಿದ 5ರ ಮಿತಿಗೆ ಹೋಲಿಸಿದರೆ ಸುಮಾರು ಮೂವತ್ತೈದು ಪಟ್ಟು. ಈ ಎರಡು ಮಿತಿಗಳ ನಡುವಿನ ಕಂದಕವೇ ಒಂದು ಪ್ಯಾರಾಕ್ಕೆ ಸಾಕಾಗುವಷ್ಟು ವಿಷಯ.

ಚಳಿಯಿಂದ ಮಾಲಿನ್ಯ ‘ಹುಟ್ಟುತ್ತದೆ’ ಎಂಬ ವಾಕ್ಯವನ್ನು ತೆಗೆದುಹಾಕಿ. ಚಳಿಗಾಲದ ರಾತ್ರಿ ನೆಲದ ಬಳಿಯ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವು ಪಾತ್ರೆಯ ಮುಚ್ಚಳದಂತೆ ಕೂತುಬಿಡುವುದರಿಂದ, ದಿನವೂ ಹುಟ್ಟುವ ಹೊಗೆ ಮೇಲೇರಿ ಚದುರದೆ ಅಲ್ಲೇ ಉಳಿಯುತ್ತದೆ. ಮಧ್ಯಾಹ್ನವಾದರೆ ಕಡಲಗಾಳಿ ಬೀಸುವ, ತಿಂಗಳುಗಟ್ಟಲೆ ಮಳೆ ಸುರಿಯುವ ನಮ್ಮ ಕರಾವಳಿಯ ಓದುಗನಿಗೆ ಗಂಗೆಯ ಬಯಲಿನ ಈ ನಿಶ್ಚಲತೆಯನ್ನು ಮನಗಾಣಿಸುವುದು ಸುಲಭವಲ್ಲ. ಎರಡೂ ಕಡೆ ಬದುಕಿದ ನೀವು ಅದನ್ನು ಮಾಡಬಲ್ಲಿರಿ. ಕಾನ್ಪುರದ ಜಾಜ್‌ಮವಿನ ಚರ್ಮ ಹದಮಾಡುವ ಕಾರ್ಖಾನೆಗಳು ಹೊರಬಿಡುವ ಕ್ರೋಮಿಯಂ ಲೋಹದ್ದು ಮುಖ್ಯವಾಗಿ ನದಿಯ ನೀರಿಗೆ ಸಂಬಂಧಿಸಿದ ಕಥೆ. ಬೇರೊಂದು ಲೇಖನಕ್ಕೆ ಎತ್ತಿಡಿ. ಬಟ್ಟೆಯ ಕರವಸ್ತ್ರ ಕಟ್ಟಿಕೊಂಡರೆ ಸಾಕೆಂಬ ಸಲಹೆಯೂ ಬೇಡ, ಇಷ್ಟು ಸಣ್ಣ ಕಣಗಳನ್ನು ಅದು ತಡೆಯದು.

ಇನ್ನು ನಿಮ್ಮ ಲೇಖನದ ಜೀವ ಇರುವ ಕಡೆಗೆ ಬರುತ್ತೇನೆ. ಐದನೆಯ ಪುಟದಲ್ಲಿ, ಮಹಡಿಯ ಹಗ್ಗದ ಮೇಲೆ ಬೆಳಿಗ್ಗೆ ಹರವಿದ ಬಿಳಿ ಬನಿಯನ್ ಸಂಜೆಗೆ ಬೂದುಬಣ್ಣಕ್ಕೆ ತಿರುಗುತ್ತಿತ್ತೆಂದೂ, ಮನೆಯ ಒಡತಿ ದಿನವೂ ತುಳಸಿಯ ಎಲೆಗಳನ್ನು ಒದ್ದೆಬಟ್ಟೆಯಿಂದ ಒರೆಸುತ್ತಿದ್ದರೆಂದೂ ಬರೆದಿದ್ದೀರಿ. ನಿಮ್ಮ ಸಹೋದ್ಯೋಗಿಯ ಆರು ವರ್ಷದ ಮಗಳು ದೀಪಾವಳಿಯಿಂದ ಹೋಳಿಯವರೆಗೆ ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವ ನೆಬ್ಯುಲೈಸರಿನ ಮುಖವಾಡ ಹಾಕಿಕೊಂಡೇ ಮನೆಪಾಠ ಬರೆಯುತ್ತಿದ್ದಳೆಂಬ ಮಾತೂ ಅಲ್ಲೇ ಇದೆ. ಮೂರೇ ಸಾಲು. ಅದರ ಬೆನ್ನಿಗೇ ‘ವೈದ್ಯಕೀಯ ವಿಜ್ಞಾನದ ಪ್ರಕಾರ’ ಎಂದು ಓಡಿಹೋಗಿದ್ದೀರಿ. ಆ ಮಗುವಿನ ಮನೆಯ ಕಿಟಕಿಗಳನ್ನು ರಾತ್ರಿ ಮುಚ್ಚುತ್ತಿದ್ದರೋ ಇಲ್ಲವೋ, ಶಾಲೆ ಎಷ್ಟು ದಿನ ತಪ್ಪಿತು, ಔಷಧಿಗೆ ತಿಂಗಳಿಗೆ ಎಷ್ಟು ಹಣ ಹೋಗುತ್ತಿತ್ತು, ವರ್ಗಾವಣೆ ಕೇಳಲು ಆ ತಂದೆಗೆ ಮನಸ್ಸಿತ್ತೆ? ಇವನ್ನು ನೀವು ಮಾತ್ರ ಹೇಳಬಲ್ಲಿರಿ. ಉಳಿದದ್ದನ್ನು ಯಾವ ಪತ್ರಿಕೆಯಿಂದಲೂ ಎತ್ತಿಕೊಳ್ಳಬಹುದು, ನೀವು ಎತ್ತಿಕೊಂಡೂ ಇದ್ದೀರಿ.

ಕೊನೆಯ ಪುಟವನ್ನು ಓದಿ ನನಗೆ ನಿಜವಾಗಿಯೂ ಬೇಸರವಾಯಿತು. ‘ನಮ್ಮ ಕಾಸರಗೋಡಿನ ಗಾಳಿ ಅಮೃತಸಮಾನ, ನಾವೇ ಧನ್ಯರು’ ಎಂದು ಮುಗಿಸಿದ್ದೀರಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಜಿಲ್ಲೆಯಿದು. ಆ ವಿಷ ಅಂಗಳಕ್ಕೂ ತೋಡಿಗೂ ಇಳಿದದ್ದು ಇದೇ ಗಾಳಿಯ ಮೂಲಕ, ಮತ್ತು ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಆ ಸಿಂಪಡಣೆಗೆ ತುತ್ತಾದ ಎಣ್ಮಕಜೆಯ, ಪಡ್ರೆಯ ಓದುಗರು ನಮ್ಮ ಚಂದಾದಾರರು. ನಿಮ್ಮ ಊರು ಅಲ್ಲಿಂದ ದೂರವೇನಲ್ಲ. ಅಷ್ಟೇಕೆ, ಬಚ್ಚಲೊಲೆಗೆ ಒಣ ಮಡಲು ತುರುಕುವ ನಮ್ಮ ಮನೆಗಳಲ್ಲಿಯೂ ಕಣ್ಣುರಿಸುವ ಹೊಗೆಯಲ್ಲಿರುವುದು ಅದೇ ಸಣ್ಣ ಕಣಗಳು. (ನಮ್ಮ ಮನೆಯಲ್ಲಿ ಈಗಲೂ ಅದೇ ಒಲೆ, ಇದನ್ನು ಬರೆಯುವಾಗ ಕೊಂಚ ಮುಜುಗರವಾಗುತ್ತಿದೆ.) ಆ ಪುಟವನ್ನು ಪೂರ್ತಿ ಕೈಬಿಡಿ.

ಆ ಸಹೋದ್ಯೋಗಿಯೊಡನೆ ಇನ್ನೂ ಮಾತುಕತೆಯಿದ್ದರೆ ಒಮ್ಮೆ ಫೋನು ಮಾಡಿ ಮಗು ಹೇಗಿದ್ದಾಳೆಂದು ಕೇಳಿ, ಅವರ ಒಪ್ಪಿಗೆ ಪಡೆದು ಬರೆಯಿರಿ; ಹೆಸರು ಬೇಡ. 1,200 ಪದಗಳನ್ನು ಮೀರದಿರಲಿ. ಶೀರ್ಷಿಕೆಯಲ್ಲಿ ಆಕ್ರಂದನ ಖಂಡಿತ ಬೇಡ. ಪರಿಷ್ಕರಿಸಿದ ಪ್ರತಿ ಮುಂದಿನ ತಿಂಗಳ ಹತ್ತನೆಯ ತಾರೀಕಿನೊಳಗೆ ನನ್ನ ಕೈಸೇರಿದರೆ ಚಳಿಗಾಲದ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ.

ಇಂತಿ,
ಸಂಪಾದಕ